ಕೋಡಿಯ ಹಾಕಿಗೆ ಜಾಗ ಕೇಳಿದ ಹರಿಣಾಕ್ಷಿ

ಕುಂದಾಪುರದ ಕೋಡಿ ದಂಡೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೈರಂಪಣಿ ಮೀನುಗಾರರು ಎರಡು ಸಾಲಾಗಿ ನಿಂತು ಬಲೆಯ ಹಗ್ಗ ಎಳೆಯುತ್ತಿದ್ದಾರೆ. ಹಳೆಯ ಸ್ಕೂಟರನ್ನು ಗಾಳಿಮರದ ಬುಡದಲ್ಲಿ ನಿಲ್ಲಿಸಿ, ಚಪ್ಪಲಿಯನ್ನು ಅಲ್ಲೇ ಬಿಟ್ಟು, ಚೂಡಿದಾರದ ಕಾಲು ಮಡಚಿಕೊಂಡು ಹರಿಣಾಕ್ಷಿ ಮರಳಿಗೆ ಇಳಿಯುತ್ತಾರೆ. ಕುತ್ತಿಗೆಯಲ್ಲಿ ಕ್ಯಾಮೆರಾ, ಹೆಗಲಲ್ಲಿ ಮಾಸಿದ ಚೀಲ.

"ಹ್ವಾಯ್, ಎಂತ ಸಿಕ್ತ್ ಇವತ್ತ್?" ಎಂದು ದೂರದಿಂದಲೇ ಕೇಳುತ್ತಾರೆ.

"ಬಂಗುಡೆ ಸ್ವಲ್ಪ ಇತ್ತ್ ಅಕ್ಕ. ಪೇಪರಿಗ್ ಹಾಕುವಷ್ಟ್ ಇಲ್ಲೆ" ಎಂದು ಹಗ್ಗ ಎಳೆಯುವವರಲ್ಲಿ ಒಬ್ಬರು ನಗುತ್ತಾರೆ.

"ಪೇಪರಿಗ್ ಬ್ಯಾಡ, ಸಾರಿಗ್ ಸಾಕಲ್ದಾ?" ಎನ್ನುತ್ತಾ ಹರಿಣಾಕ್ಷಿ ಒಂದು ಚಿತ್ರ ತೆಗೆದುಕೊಂಡು ಮುಂದೆ ನಡೆಯುತ್ತಾರೆ. ಅವರ ಕಣ್ಣು ಇರುವುದು ಇನ್ನೂ ಸ್ವಲ್ಪ ಆಚೆಗೆ. ಅಲ್ಲಿ ನೀರು ಇಳಿದು ಗಟ್ಟಿಯಾದ ಮರಳಿನ ಮೇಲೆ ಹೈಸ್ಕೂಲಿನ ಹುಡುಗಿಯರು ಗಾಳಿಮರದ ಕೋಲು ನೆಟ್ಟು, ಅದಕ್ಕೆ ಹರಿದ ಮೀನಿನ ಬಲೆ ಕಟ್ಟುತ್ತಿದ್ದಾರೆ. ಅದು ಅವರ ಹಾಕಿಯ ಗೋಲು. ಅಲೆ ಮತ್ತೆ ಏರಿ ಬರುವತನಕ ಅದೇ ಅವರ ಮೈದಾನ.

ಹರಿಣಾಕ್ಷಿ ಒಂದು ದಿನಪತ್ರಿಕೆಯ ಬಿಡಿ ಸುದ್ದಿಗಾರ್ತಿ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲ್ಲೂಕಿನಲ್ಲಿ ಅವರ ಸ್ಕೂಟರು ಓಡದ ರಸ್ತೆ ಹುಡುಕುವುದು ಕಷ್ಟ. ಬೆಳಿಗ್ಗೆ ಶಂಕರನಾರಾಯಣದ ಕಡೆ ಹೊಳೆಯ ಕಾಲುಸಂಕ ಮುರಿದ ಸುದ್ದಿ, ಮಧ್ಯಾಹ್ನ ಸಾಲಿಗ್ರಾಮದಲ್ಲಿ ಯಾವುದೋ ಸನ್ಮಾನ, ಸಂಜೆಗೆ ಬೈಂದೂರಿನಲ್ಲಿ ರೈಲು ನಿಲ್ಲಿಸಬೇಕೆಂಬ ಮನವಿ. ನಡುವೆ ಎಲ್ಲಾದರೂ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕುಳಿತು ಮೊಬೈಲಿನಲ್ಲೇ ವರದಿ ಕುಟ್ಟಿ ಕಳಿಸುತ್ತಾರೆ. ಮರುದಿನ ಅದು "ನಮ್ಮ ಸುದ್ದಿಗಾರರಿಂದ" ಎಂದು ಅಚ್ಚಾಗುತ್ತದೆ. ಈ ಸುದ್ದಿಗಾರರು ಯಾರು ಎಂದು ಓದುಗರು ಕೇಳಿದ್ದಿಲ್ಲ, ಪತ್ರಿಕೆ ಹೇಳಿದ್ದೂ ಇಲ್ಲ.

ಪತ್ರಿಕೆಗೆ ಬೇಡವಾದದ್ದನ್ನು ಅವರು ಫೇಸ್‌ಬುಕ್ಕಿನಲ್ಲಿ ಬರೆಯುತ್ತಾರೆ. ಯಾವ ಹೋಟೆಲಿನ ಬನ್ಸ್ ಇನ್ನೂ ಮೊದಲಿನ ಹಾಗೆಯೇ ಇದೆ, ರಾತ್ರಿಯ ಯಕ್ಷಗಾನ ಮುಗಿಸಿ ಬಂದ ಮೇಳದವರು ಬಸ್ಸಿನಲ್ಲಿ ಹೇಗೆ ಕುಳಿತೇ ನಿದ್ದೆ ಹೊಡೆಯುತ್ತಾರೆ, ವಂಡ್ಸೆಯ ದಾರಿಯಲ್ಲಿ ಯಾವ ತಿರುವಿನಲ್ಲಿ ಮೊದಲ ಮಳೆಗೆ ಮಣ್ಣಿನ ವಾಸನೆ ಜೋರು, ಇಂಥವೇ. ಕಾಲಿಗೆ ಚಕ್ರ ಕಟ್ಟಿಕೊಂಡವರ ಬರಹ ಅದು, ಓದುತ್ತಾ ಕುಳಿತರೆ ನಾವೂ ಹಿಂದಿನ ಸೀಟಿನಲ್ಲಿ ಕುಳಿತ ಹಾಗೆಯೇ.

ಈ ಚಕ್ರ ಬಂದದ್ದು ತಾಯಿಯಿಂದ. ತಾಯಿ ಸುಗುಣ ಮೊಗವೀರ್ತಿ ಬುಟ್ಟಿ ಹೊತ್ತು ಮೀನು ಮಾರಿದವರು. "ನಮ್ ಅಬ್ಬಿ ಮೊದ್ಲ್ ಬಸ್ಸಿಗೆ ವಂಡ್ಸೆಗ್ ಹೋಪ್ದ್. ಬುಟ್ಟಿ ಖಾಲಿ ಆಪ್ದ್ರೊಳ್ಗೆ ತಲೆ ತುಂಬ ಸುದ್ದಿ. ಯಾರ್ ಮನೆಗ್ ಹೆಣ್ ಕಾಂಬುಕ್ ಬಂದ್ರ್, ಯಾರ್ ದನ ಕರು ಹಾಕ್ತ್, ಎಲ್ಲ ಗೊತ್ತ್. ನಾನ್ ಮಾಡುದೂ ಅದೇ. ತಲೆ ಮೇಲೆ ಬುಟ್ಟಿ ಇಲ್ಲೆ, ಅಷ್ಟೆ" ಎನ್ನುತ್ತಾರೆ ಹರಿಣಾಕ್ಷಿ. ಮನೆಯ ಜಗಲಿಯಲ್ಲಿ ಪಕ್ಕದಲ್ಲೇ ಕುಳಿತು ಎಲೆ ಅಡಿಕೆ ಹಾಕುತ್ತಿದ್ದ ಸುಗುಣ ಮಗಳನ್ನು ಬಿಟ್ಟುಕೊಡುವುದಿಲ್ಲ. "ನಾನ್ ಹೇಳಿದ್ ಸುದ್ದಿ ಯಾವತ್ತೂ ಸುಳ್ಳಾಯ್ಲಿಲ್ಲೆ. ನನ್ ಮಗ್ಳೂ ಹಾಂಗೇ ಬರಿತ್ತ್."

ಹಾಕಿ ಮಾತ್ರ ತಾಯಿಯ ಕಡೆಯದಲ್ಲ. ಹರಿಣಾಕ್ಷಿ ಹೈಸ್ಕೂಲಿನಲ್ಲಿದ್ದಾಗ ಕೊಡಗಿನಿಂದ ವರ್ಗವಾಗಿ ಬಂದ ಆಟದ ಟೀಚರೊಬ್ಬರು ಹತ್ತಾರು ಸ್ಟಿಕ್ ತಂದು, ಈ ಊರಿಗೆ ಗೊತ್ತೇ ಇಲ್ಲದ ಆಟವನ್ನು ಹಚ್ಚಿ ಹೋದರು. ಶಾಲೆಗೆ ಹೇಳಿಕೊಳ್ಳುವಂಥ ಬಯಲು ಇರಲಿಲ್ಲ, ಹಾಗಾಗಿ ಮರಳಿಗೇ ಇಳಿದರು. ಅಂದಿನಿಂದ ಇಂದಿನವರೆಗೆ ಕೋಡಿಯ ಹುಡುಗಿಯರ ಹಾಕಿ ನಡೆಯುವುದು ನೀರಿಳಿದ ಹೊತ್ತಿನಲ್ಲೇ. ಹರಿಣಾಕ್ಷಿ ಆಗ ಗೋಲ್‌ಕೀಪರ್. ಈಗ ಬಿಡುವಾದಾಗಲೆಲ್ಲ ಬಂದು ನೋಡುವವರು.

ಮರಳಿನ ಹಾಕಿಗೆ ಅದರದೇ ರೀತಿ ರಿವಾಜು ಇದೆ. ಇಲ್ಲಿ ಎಡ, ಬಲ ಎಂಬ ಮಾತಿಲ್ಲ. "ಮೂಡಿಗ್ ಹಾಕ್", "ಬಡ್ಗಿಗ್ ಹೊಡಿ" ಎಂದು ದಿಕ್ಕು ಹಿಡಿದೇ ಕೂಗುತ್ತಾರೆ. ಪಡು ದಿಕ್ಕಿಗೆ, ಅಂದರೆ ಕಡಲಿರುವ ಪಶ್ಚಿಮಕ್ಕೆ, ಯಾರೂ ಚೆಂಡು ಹೊಡೆಯುವುದಿಲ್ಲ. ಹೊಡೆದರೆ ಅಲೆ ಎತ್ತಿಕೊಂಡು ಹೋಯಿತೆಂದೇ ಲೆಕ್ಕ, ಆ ದಿನದ ಆಟವೂ ಮುಗಿಯಿತು. ಆದ್ದರಿಂದ ಒಬ್ಬಳು ಯಾವಾಗಲೂ ಪಡು ಅಂಚಿನಲ್ಲಿ ಕಡಲು ಕಾಯಬೇಕು. ತಪ್ಪಿ ಬಂದ ಚೆಂಡನ್ನು ನೀರು ಮುಟ್ಟುವ ಮೊದಲೇ ಅಡ್ಡಗಟ್ಟುವುದು ಅವಳ ಕೆಲಸ. ಈಗ ಆ ಕೆಲಸ ಒಂಬತ್ತನೆಯ ತರಗತಿಯ ಶ್ರಾವ್ಯಳದು. ತಂಡದಲ್ಲಿ ಅವಳಷ್ಟು ಜೋರಾಗಿ ಓಡುವವರು ಬೇರೆ ಇಲ್ಲ.

ಈ ವರ್ಷ ಚೌತಿ ಕಳೆದ ಮೇಲೆ ಆಟಕ್ಕೇ ಕುತ್ತು ಬಂತು. ಶಾಲಾ ಸಮಿತಿಯಲ್ಲಿ ಹಾಕಿ ನಿಲ್ಲಿಸಿ ಥ್ರೋಬಾಲ್ ಮಾತ್ರ ಇಟ್ಟುಕೊಳ್ಳುವ ಮಾತೆದ್ದಿತು. ಸಮಿತಿಯ ಅಧ್ಯಕ್ಷ ಸೋಮ, ದೋಣಿಯೊಂದರ ಯಜಮಾನ, ಮಾತು ನೇರ. "ಪೇಪರಿಗೇ ಬಾರದ್ ಆಟಕ್ಕ್ ಮಕ್ಳ್ ಮೊಣಕಾಲ್ ಎಂತಕ್ಕ್ ಒಡಿಸ್ಕಣ್ಕ್?" ಎಂದುಬಿಟ್ಟರು. ಜಿಲ್ಲಾ ಪಂದ್ಯ ಮುಗಿದ ಮೇಲೆ ತೀರ್ಮಾನ ಎಂದಾಯಿತು. ಹಿಂದಿನ ಬೆಂಚಿನಲ್ಲಿ ಸಭೆಯ ವರದಿಗೆಂದು ಕುಳಿತಿದ್ದ ಹರಿಣಾಕ್ಷಿಗೆ ಆ ಮಾತು ನೇರವಾಗಿ ಎದೆಗೇ ತಾಗಿತು. ಆಟ ಪೇಪರಿಗೆ ಬಾರದಿದ್ದರೆ ಅದು ಯಾರ ಸೋಲು? ಎಷ್ಟು ಸಲ ಬರೆದು ಕಳಿಸಿರಲಿಲ್ಲ ಅವರು? ಪ್ರತಿ ಸಲವೂ ಕ್ರೀಡಾ ಪುಟದ ಉಮಾನಾಥ ಫೋನಿನಲ್ಲಿ ಹೇಳುತ್ತಿದ್ದುದು ಒಂದೇ. "ಜಾಗ ಇಲ್ಲ ಮಾರಾಯ್ರೆ. ಕ್ರಿಕೆಟ್ ಉಂಟು, ಕಬಡ್ಡಿ ಉಂಟು. ಕಪ್ ಗೆದ್ದು ಬರ್ಲಿ, ಆಗ ನೋಡುವ."

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಸ್ಥಿತಿ. ಗೆಲ್ಲದೆ ಪೇಪರಿಗೆ ಬರುವಂತಿಲ್ಲ. ಪೇಪರಿಗೆ ಬಾರದಿದ್ದರೆ ಮುಂದಿನ ವರ್ಷ ಗೆಲ್ಲಲು ತಂಡವೇ ಇರುವುದಿಲ್ಲ.

ಜಿಲ್ಲಾ ಮಟ್ಟದ ಪಂದ್ಯ ಬ್ರಹ್ಮಾವರದಲ್ಲಿ, ಕೆಂಪು ಮಣ್ಣಿನ ಗಟ್ಟಿ ಬಯಲಿನಲ್ಲಿ ನಡೆಯಿತು. ಚೀಟಿ ಎತ್ತಿದಾಗ ಕೋಡಿಯವರು ನೇರವಾಗಿ ಫೈನಲಿಗೇ ಬಂದರು, ಹಾಕಿ ಆಡುವ ಶಾಲೆಗಳೇ ಜಿಲ್ಲೆಯಲ್ಲಿ ಬೆರಳೆಣಿಕೆ. ಎದುರಿಗೆ ಬೈಂದೂರು ಕಡೆಯ ತಂಡ, ಒಳ್ಳೆಯ ಆಟದವರು. ಹರಿಣಾಕ್ಷಿ ತೆಂಕು ಬದಿಯ ಗೋಲಿನ ಹಿಂದೆ ಕ್ಯಾಮೆರಾ ಹಿಡಿದು ನಿಂತರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಉಮಾನಾಥ ಕಲಿಸಿದ್ದ ಪಾಠವನ್ನು ಅವರು ಎಂದೂ ಮೀರಿದವರಲ್ಲ. ಸುದ್ದಿಗಾರರು ಗೆರೆಯ ಹೊರಗೆ ನಿಲ್ಲಬೇಕು, ಆಟಕ್ಕಾಗಲಿ ಜಗಳಕ್ಕಾಗಲಿ ಬಾಯಿ ಹಾಕಬಾರದು.

ಮೊದಲರ್ಧ ನೋಡಲು ಸಂಕಟವಾಗುವ ಹಾಗಿತ್ತು. ಕೋಡಿಯ ಹುಡುಗಿಯರು ಚೆಂಡು ಹಿಡಿದಾಗಲೆಲ್ಲ ಎದುರಾಳಿಗಳ ಗುಂಪಿಗೇ ಹೋಗಿ ಸಿಕ್ಕಿಬೀಳುತ್ತಿದ್ದರು. ಬೈಂದೂರಿನವರು ಒಂದು ಗೋಲು ಹಾಕಿದರು. ನಾಯಕಿ ನವ್ಯಶ್ರೀ ತುಟಿ ಕಚ್ಚಿ ಓಡುತ್ತಿದ್ದಳು. ತಂಡದ ಜಿತೇಂದ್ರ ಮಾಷ್ಟ್ರು ಕಬಡ್ಡಿಯ ಆಸಾಮಿ, ಹಾಕಿ ಕಲಿತದ್ದು ಈ ಮಕ್ಕಳ ಜೊತೆಗೇ ಮರಳಿನಲ್ಲಿ. ಎಲ್ಲಿ ತಪ್ಪುತ್ತಿದೆ ಎಂದು ಅವರಿಗೂ ಗೊತ್ತಾಗಲಿಲ್ಲ, ಹರಿಣಾಕ್ಷಿಗೂ ಗೊತ್ತಾಗಲಿಲ್ಲ.

ವಿರಾಮದಲ್ಲಿ, ಒಂದಾದರೂ ಒಳ್ಳೆಯ ಚಿತ್ರ ಬಂದಿದೆಯೇ ಎಂದು ಅವರು ಕ್ಯಾಮೆರಾದ ಪರದೆಯಲ್ಲಿ ನೋಡಲು ಶುರುಮಾಡಿದರು. ಒಂದೊಂದೇ ಸರಿಸಿದರು. ಎಲ್ಲ ಚಿತ್ರದಲ್ಲೂ ಆಟ ಬಯಲಿನ ಮೂಡು ಬದಿಯ ಮಾವಿನ ಮರದ ಹತ್ತಿರವೇ. ಪಡು ಬದಿ ಖಾಲಿ. ಎಲ್ಲೋ ಒಂದರ ಅಂಚಿನಲ್ಲಿ ಶ್ರಾವ್ಯ ಇದ್ದಳು, ಪಡು ಗೆರೆಯ ಮೇಲೆ ಒಬ್ಬಳೇ, ಸ್ಟಿಕ್ ಅಡ್ಡ ಹಿಡಿದು. ಅವಳ ಆಚೆಗೆ ಕಾಣುತ್ತಿದ್ದುದು ಸಾಲಾಗಿ ನಿಲ್ಲಿಸಿದ್ದ ಬೈಕುಗಳು ಮತ್ತು ಒಂದು ಚುರುಮುರಿ ಗಾಡಿ.

ಹರಿಣಾಕ್ಷಿ ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಈ ಹುಡುಗಿ ಇಲ್ಲಿಯೂ ಕಡಲು ಕಾಯುತ್ತಿದ್ದಾಳೆ! ಉಳಿದವರು ಇಲ್ಲದ ಅಲೆಗೆ ಹೆದರಿ ಅರ್ಧ ಬಯಲಿನಲ್ಲೇ ಆಡುತ್ತಿದ್ದಾರೆ. ಹುಟ್ಟಿದಾಗಿನಿಂದ ಪಡುವೆಂದರೆ ನೀರು ಎಂದೇ ತಿಳಿದ ಕಾಲುಗಳು ಅವು, ಯಾರೂ ಹೇಳಿಕೊಡದೆಯೇ ಆ ಕಡೆಗೆ ಹೋಗಲು ಒಲ್ಲೆ ಎನ್ನುತ್ತಿದ್ದವು.

ಹೇಳಬೇಕೋ ಬೇಡವೋ? ಇಷ್ಟು ವರ್ಷ ಕಾಪಾಡಿಕೊಂಡು ಬಂದ ನಿಯಮ ಒಂದು ಕಡೆ. ಗ್ಲೂಕೋಸ್ ಪುಡಿ ನೆಕ್ಕುತ್ತಾ ತಲೆ ತಗ್ಗಿಸಿ ಕುಳಿತ ಹುಡುಗಿಯರು ಇನ್ನೊಂದು ಕಡೆ. ಅವರು ಸೋತರೆ ಹಾಕಿಯೂ ಮುಗಿಯಿತು. ಹರಿಣಾಕ್ಷಿ ಚಪ್ಪಲಿ ಕಳಚಿಟ್ಟು ಸುಣ್ಣದ ಗೆರೆ ದಾಟಿದರು. ಚಪ್ಪಲಿ ಯಾಕೆ ಕಳಚಿದರೆಂದು ಕೇಳಿದರೆ ಅವರಿಗೇ ಗೊತ್ತಿಲ್ಲ.

"ಮಾಷ್ಟ್ರೆ, ಒಂದ್ ಮಾತ್ ಹೇಳ್ಲಾ?" ಎಂದು ಕೇಳಿ, ಅವರು ಹೂಂ ಎನ್ನುವ ಮೊದಲೇ ಮಕ್ಕಳ ಕಡೆ ತಿರುಗಿದರು. "ಹೆಣ್ಮಕ್ಳೆ, ಇಲ್ಲ್ ಪಡು ಬದಿಗ್ ಕಡಲ್ ಇಲ್ಲೆ."

ಹುಡುಗಿಯರು ತಿರುಗಿ ನೋಡಿದರು. ಬೈಕುಗಳು, ಚುರುಮುರಿ ಗಾಡಿ. ಮೊದಲು ನಕ್ಕದ್ದು ಶ್ರಾವ್ಯಳೇ. ಆಮೇಲೆ ಎಲ್ಲರೂ ನಕ್ಕರು, ಜಿತೇಂದ್ರ ಮಾಷ್ಟ್ರು ಹಣೆ ಚಚ್ಚಿಕೊಂಡು ನಕ್ಕರು.

"ಹಾಂಗಾರೆ ನಾನ್ ಎಂತ ಮಾಡುದ್ ಅಕ್ಕ?" ಎಂದಳು ಶ್ರಾವ್ಯ.

ಅದಕ್ಕೆ ಉತ್ತರ ಕೊಟ್ಟವಳು ನವ್ಯಶ್ರೀ. "ಓಡ್. ನಾನ್ ಪಡುವಿಗ್ ಹಾಕ್ತೆ, ನೀನ್ ಓಡ್."

ಎರಡನೆಯ ಅರ್ಧದಲ್ಲಿ ಆದದ್ದನ್ನು ಹೇಳುವಾಗ ಹರಿಣಾಕ್ಷಿ ಕುಳಿತಲ್ಲಿ ಕೂರುವುದಿಲ್ಲ. ನವ್ಯಶ್ರೀ ಮೊದಲ ಬಾರಿ ಪಡುವಿಗೆ ಚೆಂಡು ನೂಕಿದಾಗ ಎದುರಾಳಿಗಳೆಲ್ಲ ಮಾವಿನ ಮರದ ಬದಿಯಲ್ಲಿದ್ದರು. ಅಲೆಗಿಂತ ಮುಂಚೆ ಚೆಂಡು ಮುಟ್ಟಿ ಅಭ್ಯಾಸವಾದ ಶ್ರಾವ್ಯಳಿಗೆ ಇದೇನು ಮಹಾ? ಗೆರೆಯ ಗುಂಟ ಹೋದಳು, ನಡುವಿಗೆ ಹೊಡೆದಳು, ಕಾದು ನಿಂತಿದ್ದ ನವ್ಯಶ್ರೀ ಗೋಲಿಗೆ ಸೇರಿಸಿದಳು. ಸಮ ಸಮ. ಆಟ ಮುಗಿಯುವ ಹೊತ್ತಿಗೆ ಮತ್ತೊಮ್ಮೆ ಅದೇ ದಾರಿ. ಈ ಸಲ ಶ್ರಾವ್ಯ ಯಾರಿಗೂ ಕೊಡಲಿಲ್ಲ. ಒಬ್ಬಳನ್ನು ದಾಟಿ, ಇನ್ನೊಬ್ಬಳನ್ನು ದಾಟಿ ತಾನೇ ಹೊಡೆದಳು. ಬಲೆ ಅಲ್ಲಾಡಿದ್ದು ಕಂಡಿತು, ಆಮೇಲಿನದ್ದು ಕಣ್ಣೀರಿನಲ್ಲಿ ಸರಿಯಾಗಿ ಕಾಣಲಿಲ್ಲ ಎನ್ನುತ್ತಾರೆ ಹರಿಣಾಕ್ಷಿ. ಆದರೂ ಕೈ ಮಾತ್ರ ಕ್ಯಾಮೆರಾದ ಗುಂಡಿ ಒತ್ತಿತ್ತು. ಸ್ಟಿಕ್ ಮೇಲೆತ್ತಿದ ಶ್ರಾವ್ಯ, ಹಿಂದೆ ಚುರುಮುರಿ ಗಾಡಿಯವನೂ ಕೈ ಎತ್ತಿ ನಿಂತ ಚಿತ್ರ ಸಿಕ್ಕಿತು.

ಸ್ಕೂಟರಿನ ಮೇಲೆ ಕುಳಿತೇ ವರದಿ ಬರೆದು ಕಳಿಸಿದರು. ಆಮೇಲೆ ತಾವೇ ಉಮಾನಾಥರಿಗೆ ಫೋನು ಹಚ್ಚಿದರು. "ಸಾರ್, ಗೆದ್ರ್. ಮತ್ತೆ ನಾನೊಂದ್ ತಪ್ಪ್ ಮಾಡ್ದೆ. ಗೆರೆ ದಾಟಿ ಒಂದ್ ಮಾತ್ ಹೇಳ್ದೆ." "ಇನ್ನೊಮ್ಮೆ ಮಾಡ್ಬೇಡಿ" ಎಂದರು ಉಮಾನಾಥ. "ಫೋಟೊ ಭಾರಿ ಚಂದ ಬಂದಿದೆ. ಮೇಲೆಯೇ ಹಾಕ್ತೇನೆ."

ಮರುದಿನ ಕ್ರೀಡಾ ಪುಟದ ನೆತ್ತಿಯಲ್ಲಿ ಕೋಡಿಯ ಹುಡುಗಿಯರು. ಎಂದಿನಂತೆ ವರದಿಗಾರ್ತಿಯ ಹೆಸರಿಲ್ಲ, ಅದರ ಬೇಸರವೂ ಅವರಿಗೆ ಇಲ್ಲ. ಮೀನು ಮಾರ್ಕೆಟ್ಟಿನಲ್ಲಿ ಹುಡುಗಿಯರ ತಾಯಂದಿರು ಪೇಪರು ಹಿಡಿದು ಗಿರಾಕಿಗಳನ್ನು ಕಾಯಿಸಿದರು. ಓದಲು ಬಾರದ ಸುಗುಣ ಎರಡು ಪ್ರತಿ ಕೊಂಡರು, ಒಂದು ಮನೆಗೆ, ಇನ್ನೊಂದು ವಂಡ್ಸೆಯ ಹಳೆಯ ಗಿರಾಕಿಗಳಿಗೆ ತೋರಿಸುವುದಕ್ಕೆ.

ಸಮಿತಿಯ ಸಭೆ ಮತ್ತೆ ಸೇರಿತು. ಹರಿಣಾಕ್ಷಿ ಎಂದಿನ ಹಿಂದಿನ ಬೆಂಚಿನಲ್ಲಿ. ಸೋಮ ಎದ್ದು ನಿಂತು ಕೆಮ್ಮಿದರು. "ನಾನ್ ಹಿಂದ್ ಹೇಳಿದ್ದನ್ನ ವಾಪಸ್ ತಕಂಡೆ. ಹಾಕಿ ಇರ್ಲಿ. ನಮ್ ದೋಣಿಯವ್ರ್ ಎಲ್ಲ ಸೇರಿ ಹೊಸ ಸ್ಟಿಕ್ ತರ್ಸ್ತೊ." ಎಲ್ಲರೂ ಚಪ್ಪಾಳೆ ಹೊಡೆದರು. ಹರಿಣಾಕ್ಷಿ ಹೊಡೆಯಲಿಲ್ಲ, ವರದಿಗೆ ಬಂದವರಲ್ಲವೇ? ಹೊರಗೆ ಬಂದು ಹೆಲ್ಮೆಟ್ ಹಾಕಿಕೊಂಡ ಮೇಲೆ ಅದರೊಳಗೇ ಚೆನ್ನಾಗಿ ಅತ್ತರು, ಖುಷಿಗೆ.

ಈಗ ತಂಡ ವಿಭಾಗ ಮಟ್ಟಕ್ಕೆ ಹೊರಟಿದೆ. ಕೋಡಿಯ ಮರಳಿನಲ್ಲಿ ಅಭ್ಯಾಸ ಜೋರು. ನಾವು ಮಾತನಾಡುತ್ತಿರುವಾಗಲೇ ಹರಿಣಾಕ್ಷಿಯ ಫೋನು ರಿಂಗಾಗುತ್ತದೆ. ಆ ಕಡೆ ಉಮಾನಾಥ. ಕ್ರೀಡಾ ಪುಟದವರು ತಾವಾಗಿ ಅವರಿಗೆ ಫೋನು ಮಾಡಿದ್ದು ಇದೇ ಮೊದಲು. ಪಂದ್ಯ ಯಾವತ್ತು, ಪುಟದಲ್ಲಿ ಎಷ್ಟು ಜಾಗ ಇಟ್ಟಿರಲಿ ಎಂದು ಕೇಳುತ್ತಿದ್ದಾರೆ.

ಹರಿಣಾಕ್ಷಿ ಅವಸರ ಮಾಡುವುದಿಲ್ಲ. ಮರಳಿನ ಮೇಲೆ ಓಡುತ್ತಿರುವ ಹುಡುಗಿಯರನ್ನು ಒಮ್ಮೆ ನೋಡಿ, ಆಮೇಲೆ ಹೇಳುತ್ತಾರೆ.

"ದೊಡ್ಡ ಜಾಗವೇ ಇಡಿ ಸಾರ್. ನಮ್ ಹೆಣ್ಮಕ್ಳ್ ಈಗ ಇಡೀ ಮೈದಾನ ಆಡ್ತ್ರ್."