ಬಾತ ಕಾಲಿಗೆ ಕೈ ಹಚ್ಚದ ಸತ್ತೆವ್ವ

ಅಂಕಲಗಿಯ ಸತ್ತೆವ್ವ ಇಪ್ಪತ್ತು ವರ್ಷ ಬಾಣಂತಿಯರಿಗೆ ಎಣ್ಣೆ ತಿಕ್ಕಿ ನೀರು ಹಾಕಿದವಳು. ಅತ್ತೆಯಿಂದ ಕಲಿತ ಕೆಲಸ. ಸೊಂಟ ಹಿಡಿದವರು, ಹೆರಿಗೆಯಲ್ಲಿ ಸೋತು ಮಲಗಿದವರು ಅವಳ ಕೈ ಬಿದ್ದರೆ ಎದ್ದು ಕೂರುತ್ತಾರೆ ಎಂಬ ಮಾತಿತ್ತು. ದೂರದ ಊರುಗಳಿಂದಲೂ ಚಕ್ಕಡಿ ಕಳಿಸಿ ಕರೆಸುತ್ತಿದ್ದರು.

೧೯೩೧ರ ಮಳೆಗಾಲದಲ್ಲಿ ಕಲ್ಲೋಳಿಯ ನೇಮಣ್ಣನವರ ಮನೆಯಿಂದ ಹಾಗೆಯೇ ಚಕ್ಕಡಿ ಬಂತು. ಸೊಸೆ ಲಕ್ಷ್ಮೀಬಾಯಿ ಹನ್ನೊಂದು ದಿನದ ಬಾಣಂತಿ. ಎಡಗಾಲು ತೊಡೆಯವರೆಗೆ ಬಾತು ಬಿಳಿಚಿಕೊಂಡಿತ್ತು. ಮುಟ್ಟಿದರೆ ನೋವು.

"ವಾಯು ಹಿಡದೈತಿ. ಜೋರ್ಲೆ ತಿಕ್ಕು," ಎಂದಳು ಅತ್ತೆ.

ಸತ್ತೆವ್ವ ಔಡಲೆಣ್ಣೆ ಕಾಯಿಸಿ, ಹಿಮ್ಮಡಿಯಿಂದ ಮೇಲಕ್ಕೆ ಒತ್ತಿ ಒತ್ತಿ ತಿಕ್ಕಿದಳು. ಸ್ವಲ್ಪ ಹೊತ್ತಿಗೆ ಲಕ್ಷ್ಮೀಬಾಯಿ ಎದೆ ಹಿಡಿದುಕೊಂಡು, "ಉಸಿರು ಬರವಲ್ದು," ಎಂದಳು. ಒಳಗಿನಿಂದ ನೀರು ತರುವಷ್ಟರಲ್ಲಿ ಜೀವ ಹೋಗಿತ್ತು.

ಯಾರೂ ಸತ್ತೆವ್ವನನ್ನು ಬೈಯಲಿಲ್ಲ. ಹಣೆಬರಹ ಎಂದರು, ಚಕ್ಕಡಿಯಲ್ಲೇ ಊರಿಗೆ ಬಿಟ್ಟು ಬಂದರು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳೇನೋ. ವಾರ ಕಳೆದರೂ ಅನ್ನ ಸೇರದೆ, ಒಬ್ಬಳೇ ಗೋಕಾಕದ ಒಬ್ಬ ಡಾಕ್ಟರರ ದವಾಖಾನೆಗೆ ನಡೆದು ಹೋದಳು. ಪಾಳಿ ಹಚ್ಚಿ ನಿಂತು, ನಡೆದದ್ದನ್ನೆಲ್ಲ ಹೇಳಿದಳು.

"ಕಾಲಿನ ನರದಾಗ ರಕ್ತ ಹೆಪ್ಪುಗಟ್ಟಿತ್ತು," ಎಂದರು ಡಾಕ್ಟರು. "ನೀ ತಿಕ್ಕಿದಿ, ಅದು ಸಡ್ಲಾಗಿ ಎದಿಗೆ ಹೋತು."

"ಅಂದ್ರ ನಾನ ಕೊಂದಂಗಾತೇನ್ರಿ?"

"ನಿನಗ ಗೊತ್ತಿದ್ದಿಲ್ಲಲ್ಲ. ಇನ್ನ ಅಂಥಾ ಕಾಲು ಕಂಡ್ರ ಮುಟ್ಟಬ್ಯಾಡ." ಅಷ್ಟು ಹೇಳಿ ಮುಂದಿನವರನ್ನು ಕರೆದರು.

ಅಂದಿನಿಂದ ಸತ್ತೆವ್ವ ಮೊದಲು ಎರಡೂ ಮೀನಖಂಡ ಮುಟ್ಟಿ ನೋಡಿಯೇ ಎಣ್ಣೆಗೆ ಕೈ ಹಾಕುತ್ತಿದ್ದಳು. ಹುಕ್ಕೇರಿ ಸಂತೆಯಲ್ಲಿ, ನೀರಿನ ಬಾವಿಗಳ ಹತ್ತಿರ, ಈ ಕೆಲಸದ ಹೆಂಗಸರು ಸಿಕ್ಕಲ್ಲೆಲ್ಲ ಲಕ್ಷ್ಮೀಬಾಯಿಯ ಕಥೆ ಹೇಳುತ್ತಿದ್ದಳು. ಅವರಲ್ಲೊಬ್ಬಳು, ಮೂಡಲಗಿಯ ಮುದಕವ್ವ, ನಕ್ಕುಬಿಟ್ಟಳು: "ತಿಕ್ಕಿದ್ರ ಸಾಯ್ತಾರಂದ್ರ, ನಾವೇನು ಯಮನ ಕಡೆಯವರೇನವಾ?"

ಮೂರು ವರ್ಷದ ಮೇಲೆ ಅದೇ ಮೂಡಲಗಿಯಲ್ಲಿ ಶಿದ್ಲಿಂಗಪ್ಪನ ಬಾಣಂತಿ ಸೊಸೆ ಶಂಕ್ರವ್ವನ ಕಾಲು ಹಾಗೆಯೇ ಬಾತಿತು, ಸತ್ತೆವ್ವನಿಗೆ ಚಕ್ಕಡಿ ಬಂತು. ಸತ್ತೆವ್ವ ನೋಡಿದವಳೇ ಕೈ ಹಿಂದಕ್ಕೆ ತೆಗೆದಳು.

"ನಾ ತಿಕ್ಕಾಂಗಿಲ್ರಿ. ಡಾಕ್ಟರನ್ನ ಕರಸ್ರಿ. ತಿಕ್ಕಿದ್ರ ಜೀವಕ್ಕ ಅಪಾಯ ಐತಿ."

ಶಿದ್ಲಿಂಗಪ್ಪ ಸಿಡಿದ: "ತಿಕ್ಕಾಕ ಬಂದಿಯೋ, ಅಪಶಕುನ ನುಡ್ಯಾಕ ಬಂದಿಯೋ? ನಡಿ ಹೊರಗ!"

ಮುದಕವ್ವನನ್ನು ಕರೆಸಿದರು. ಅವಳು ಹದಿನೈದು ದಿನ ತಿಕ್ಕಿದಳು. ಶಂಕ್ರವ್ವ ಸಾಯಲಿಲ್ಲ. ಎರಡು ತಿಂಗಳಲ್ಲಿ ತಲೆಯ ಮೇಲೆ ಕೊಡ ಹೊತ್ತು ನಡೆದಳು.

ಆ ಹುಡುಗಿ ಬದುಕಿದ್ದು ಸತ್ತೆವ್ವನಿಗೂ ಸಮಾಧಾನವೇ. ಆದರೆ ಊರೂರಿಗೆ ಬೇರೆಯೇ ಸುದ್ದಿ ಹಬ್ಬಿತು: ಸತ್ತೆವ್ವ ಶಾಪ ಹಾಕಿದಳು, ಮುದಕವ್ವ ಉಳಿಸಿದಳು. ಎಚ್ಚರಿಕೆಗೆಂದು ತಾನೇ ಹೇಳುತ್ತ ತಿರುಗಿದ್ದ ಕಲ್ಲೋಳಿಯ ಕಥೆ ಈಗ ಅವಳ ಕೊರಳಿಗೇ ಬಿತ್ತು. ಅಂದು ಹಣೆಬರಹ ಎಂದವರೇ, "ಕೊಂದಿದ್ದು ಖರೆ, ತಾನ ಒಪ್ಕೊಂಡಾಳ," ಎಂದರು. ಚಕ್ಕಡಿಗಳು ಬರುವುದು ನಿಂತಿತು. ಸತ್ತೆವ್ವ ಹತ್ತಿ ಬಿಡಿಸುವ ಕೂಲಿಗೆ ಹೋದಳು. ಎಣ್ಣೆಯಲ್ಲಿ ಮೆತ್ತಗಾಗಿದ್ದ ಬೆರಳುಗಳನ್ನು ಹತ್ತಿಕಾಯಿಯ ಒಣ ಸಿಪ್ಪೆ ಗೀರಿ ಗೀರಿ ಒರಟು ಮಾಡಿತು.

೧೯೩೮ರಲ್ಲಿ ಒಂದು ದಿನ ಮುದಕವ್ವ, ಸತ್ತೆವ್ವ ಹತ್ತಿ ಬಿಡಿಸುತ್ತಿದ್ದ ಹೊಲಕ್ಕೇ ಬಂದಳು. ಹುಕ್ಕೇರಿಯಲ್ಲಿ ಒಬ್ಬ ಬಾಣಂತಿ ಅವಳ ಕೈಯಲ್ಲೇ ಉಸಿರುಗಟ್ಟಿ ಸತ್ತಿದ್ದಳು.

"ಡಾಕ್ಟರು ಏನಂದಿದ್ರು? ಇನ್ನೊಮ್ಮಿ ಹೇಳವಾ."

ಸತ್ತೆವ್ವ ಎಲ್ಲವನ್ನೂ ಹೇಳಿದಳು. ಮುದಕವ್ವ ಬದುವಿನ ಮೇಲೆ ಕುಳಿತು ಕೇಳಿಸಿಕೊಂಡಳು.

"ನಾನೂ ಒಲ್ಲೆ ಅಂದ್ರ, ನಿನ್ನಂಗ ನಾನೂ ಹತ್ತಿ ಬಿಡಸಬೇಕು," ಎಂದಳು ಕೊನೆಗೆ.

ಮುದಕವ್ವ ಸೆರಗು ಝಾಡಿಸಿ ಎದ್ದಳು. ಅಂಕಲಗಿಯಲ್ಲೇ, ಸತ್ತೆವ್ವನ ಓಣಿಯಲ್ಲೇ, ಬಾಣಂತಿಯೊಬ್ಬಳು ಈಗ ಮುದಕವ್ವನಿಗಾಗಿ ಕಾಯುತ್ತಿದ್ದಳು.

"ಮೊದಲ ಕಾಲು ಮುಟ್ಟಿ ನೋಡವಾ!" ಸತ್ತೆವ್ವ ಕೂಗಿ ಹೇಳಿದಳು.

ಮುದಕವ್ವ ತಿರುಗಿ ನೋಡದೆ ಊರಿನ ಕಡೆ ನಡೆದಳು.