ದನಿ ಹೋದ ವರ್ಷದ ಅವರೆಕಾಯಿ

ದೀಪಾವಳಿ ಕಳೆದ ಮೇಲೆ ಬೆಂಗಳೂರಿನಲ್ಲಿ ನನ್ನ ಕತ್ತಿನ ಗಂಟಿಗೆ ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲ ಎಂದು ಗೊತ್ತಾದಾಗ ಮನೆಯವರಿಗೆಲ್ಲ ಹೋದ ಜೀವ ಬಂದಂತಾಯಿತು. ಆದರೆ ನನ್ನ ದನಿ ಹೋಗಿತ್ತು. ಬಾಯಿ ತೆರೆದರೆ ಬರೀ ಗಾಳಿ. "ದನಿಯ ನರ ಸುಸ್ತಾಗಿದೆ. ಕೆಲವರಿಗೆ ಹೀಗಾಗುತ್ತೆ. ವಾಪಸ್ ಬರಬಹುದು, ಸಮಯ ಬೇಕು" ಎಂದರು ಡಾಕ್ಟರು. ಆ 'ಬರಬಹುದು' ಎಂಬುದನ್ನೇ ಹಿಡಿದುಕೊಂಡು ಶಿಡ್ಲಘಟ್ಟಕ್ಕೆ ಮರಳಿದೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು. ಬೆಳಗಿನ ಪ್ರಾರ್ಥನೆಗೆ ಮೊದಲ ಸಾಲು ಎತ್ತಿಕೊಡುತ್ತಿದ್ದವಳೂ ನಾನೇ. ಈಗ ಅಡುಗೆಮನೆಯಿಂದ ಹಾಲ್‌ಗೆ ವಾಟ್ಸಾಪ್ ಕಳಿಸುತ್ತಿದ್ದೆ: ಊಟಕ್ಕೆ ಬನ್ನಿ. ಯಜಮಾನರು ಅಲ್ಲಿಂದಲೇ ಹೆಬ್ಬೆರಳಿನ ಚಿತ್ರ ಕಳಿಸಿ, ಆಮೇಲೆ ಎದ್ದು ಬರುತ್ತಿದ್ದರು. ಮೊದಮೊದಲು ಇಬ್ಬರಿಗೂ ನಗು ಬರುತ್ತಿತ್ತು.

ನೋಡಲು ಬಂದವರದು ಇನ್ನೊಂದು ಬಗೆ. ನಾನು ಪಿಸುಗುಟ್ಟಿದರೆ ಅವರೂ ಪಿಸುಗುಟ್ಟುತ್ತಿದ್ದರು. ಶುಂಠಿ ಹೇಳಿದರು, ಜ್ಯೇಷ್ಠಮಧು ಹೇಳಿದರು. ಹೊರಡುವಾಗ ನನ್ನ ಯಜಮಾನರನ್ನು ಗೇಟಿನ ಹತ್ತಿರ ನಿಲ್ಲಿಸಿ, "ಕೆಲಸದ್ ಗತಿ ಏನ್ ಸಾರ್?" ಎಂದು ಕೇಳುತ್ತಿದ್ದರು. ಹೋಗಿದ್ದು ನನ್ನ ದನಿ, ಕಿವಿಯಲ್ಲ. ಕೊನೆಗೆ ಹಗಲೂ ಬಾಗಿಲು ಹಾಕಿಕೊಂಡು ಇರತೊಡಗಿದೆ.

ಆ ಬಾಗಿಲು ಬಡಿದವರು ಎದುರುಮನೆಯ ಅಕ್ಕ. ಚಿಂತಾಮಣಿಯ ಕಡೆಯವರು, ಮನೆಮಾತು ತೆಲುಗು. ಅವರ ಕಂಕುಳಲ್ಲಿ ಒಂದು ಬೇಸಿನ್, ಅದರ ತುಂಬ ರಾತ್ರಿ ನೆನೆಹಾಕಿದ ಅವರೆಕಾಳು.

"ಒಬ್ಬಳೇ ಹಿತುಕ್ತಾ ಕೂತ್ರೆ ಬೇಜಾರು ಟೀಚರಮ್ಮಾ. ಬಾ, ಬಿಸಿಲಲ್ಲಿ ಕೂತ್ಕೊಳ್ಳಣ."

ನಾನು ಗಂಟಲು ಮುಟ್ಟಿ ತೋರಿಸಿದೆ.

"ಗೊತ್ತಮ್ಮಾ, ಪರವಾಲೇದು. ನೀನು ಹಿತುಕು, ನಾನ್ ಮಾತಾಡ್ತೀನಿ."

ಅವರು ಬೀದಿಯ ಆ ತುದಿಗೂ ಕೇಳುವಂತೆ ಮಾತಾಡಿದರು. ಆಪರೇಷನ್ ಆದ ಮೇಲೆ ನನ್ನೆದುರು ದನಿ ತಗ್ಗಿಸದೆ ಮಾತಾಡಿದವರು ಅವರೊಬ್ಬರೇ. ಎಷ್ಟು ಹಾಯೆನಿಸಿತೆಂದರೆ, ಬೇಸಿನ್ ಖಾಲಿಯಾದದ್ದೇ ತಿಳಿಯಲಿಲ್ಲ.

ಆ ಚಳಿಗಾಲವೆಲ್ಲ ಹಾಗೇ ನಡೆಯಿತು. ಬೆಳಗಿನ ಕೆಲಸ ಮುಗಿಸಿ ಮೆಟ್ಟಿಲ ಮೇಲೆ ಕೂರುತ್ತಿದ್ದೆವು. ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆಯಿಂದ ಬೇಳೆ ಪುಳಕ್ಕನೆ ಜಾರುತ್ತಿತ್ತು. ಬೆನ್ನಿಗೆ ಬಿಸಿಲು, ಬೆರಳಿಗೆ ಸೊಗಡಿನ ಜಿಡ್ಡು. ಅಕ್ಕನ ನಾದಿನಿಯ ಜಗಳಗಳು, ಹಗ್ಗ ಕಿತ್ತುಕೊಂಡು ಮದುವೆಮನೆಗೆ ನುಗ್ಗಿದ ಕರು, ಸೊಸೆಯಾಗಿ ಬಂದ ಹೊಸದರಲ್ಲಿ ರೇಷ್ಮೆಹುಳು ಕಂಡು ಕಿರುಚಿದ್ದು, ಎಲ್ಲ ಕೇಳಿದೆ. ಒಂದು ದಿನ ಬೇಳೆಯೊಂದು ಹಾರಿ ಅವರ ಕಾಫಿ ಲೋಟಕ್ಕೇ ಬಿತ್ತು. ಅಕ್ಕ ಒಂದು ಗುಟುಕು ಕುಡಿದು, "ರುಚಿ ಬಂತು ಬಿಡು" ಎಂದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗಲು ದನಿ ಬೇಡವೆಂಬುದು ಆಗ ತಿಳಿಯಿತು. ಅಂದು ಸಂಜೆ ಮುದ್ದೆಯ ಜೊತೆ ಹಿತುಕಿದ ಬೇಳೆ ಸಾರು ಉಂಡು, ಮಾತ್ರೆಯಿಲ್ಲದೆ ನಿದ್ದೆಹೋದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಹುಣ್ಣಿಮೆಗೆ ಅಕ್ಕ ಭಜನೆಗೆಂದು ಕೈವಾರದ ಮಠಕ್ಕೆ ಹೊರಟರು. "ಸುಮ್ನೆ ಬಾಮ್ಮಾ, ಬಸ್ಸಲ್ಲಿ ಗಾಳಿಯಾದ್ರೂ ತಗೊಳ್ಳೋಣ" ಎಂದು ನನ್ನನ್ನೂ ಎಳೆದುಕೊಂಡು ಹೋದರು. ನಾನು ಹರಕೆ ಹೊರುವವಳಲ್ಲ, ಏನೂ ಬೇಡಿಕೊಳ್ಳಲಿಲ್ಲ. ಭಜನೆ ನಡೆಯುವಲ್ಲಿ ಗೋಡೆಗೆ ಒರಗಿ ಕೂತೆ. ಹಾಡುವವರಲ್ಲಿ ಕೆಲವರ ಶ್ರುತಿ ಎಲ್ಲೋ, ತಾಳ ಎಲ್ಲೋ. ಯಾರೂ ಅದನ್ನು ಲೆಕ್ಕಕ್ಕಿಟ್ಟಂತಿರಲಿಲ್ಲ. ನಾನೂ ಚಪ್ಪಾಳೆ ತಟ್ಟತೊಡಗಿದೆ. ತಟ್ಟುತ್ತ ತಟ್ಟುತ್ತ ಎದೆಯೊಳಗೆ ಏನೋ ಸಣ್ಣಗೆ ಅದುರಿತು. ಗಂಟಲ ಮೇಲೆ ಕೈಯಿಟ್ಟು ನೋಡಿದೆ. ನಾನೇ ಗುನುಗುತ್ತಿದ್ದೆ. ದುಂಬಿಯಂತೆ, ಒಂದೇ ಸ್ವರ. ನಿಲ್ಲಿಸಿದರೆ ಹೋಗಿಬಿಡುತ್ತದೆಂಬ ಭಯಕ್ಕೆ ಭಜನೆ ಮುಗಿಯುವವರೆಗೂ ಬಿಡಲಿಲ್ಲ.

ಪಕ್ಕದಲ್ಲೇ ಇದ್ದ ಅಕ್ಕ ನನ್ನತ್ತ ತಿರುಗಲೂ ಇಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಸೀಬೆಹಣ್ಣು ಮುರಿದು ಅರ್ಧ ಕೊಟ್ಟು, ಮೆಲ್ಲಗೆ ಕೇಳಿದರು. "ಬಂತಲ್ಲಮ್ಮಾ?"

"ಹೂಂ" ಎಂದೆ. ಒಡೆದ ಗಡಿಗೆಯಂಥ ದನಿ. ಕಿಟಕಿಯ ಕಡೆ ಮುಖ ಮಾಡಿಕೊಂಡು ಬಹಳ ಹೊತ್ತು ಅತ್ತೆ. ಅಕ್ಕ ತಮ್ಮ ಪಾಲಿನ ಸೀಬೆಹಣ್ಣನ್ನೂ ನನ್ನ ಮಡಿಲಿಗಿಟ್ಟರು.

ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ನರ ಚೇತರಿಸಿಕೊಳ್ಳುವ ಸಮಯ ಬಂದಿತ್ತು ಎಂದು ಡಾಕ್ಟರು ಹೇಳಿದರು, ಇರಬಹುದು. ಆದರೆ ಅಷ್ಟು ತಿಂಗಳು ಬಾಗಿಲು ಮುಚ್ಚಿಕೊಂಡೇ ಇದ್ದಿದ್ದರೆ, ಬಂದ ದನಿಯನ್ನು ಹೊರಗೆ ತರುವ ಧೈರ್ಯ ನನಗೆ ಬರುತ್ತಿತ್ತೇ ಎಂಬುದು ಅನುಮಾನ. ಬೇಸಿಗೆಯೆಲ್ಲ ಗಂಟಲಿನ ವ್ಯಾಯಾಮ ಮಾಡಿದೆ. ಹಿತ್ತಲಲ್ಲಿ ನಿಂತು 'ಆ, ಈ, ಊ' ಎಂದರೆ ಯಜಮಾನರು ಒಳಗಿನಿಂದ, "ಇವತ್ತು ನಿನ್ನೆಗಿಂತ ಪರವಾಗಿಲ್ಲ ಕಣೇ" ಎನ್ನುತ್ತಿದ್ದರು.

ಜೂನ್‌ನಲ್ಲಿ ಶಾಲೆಗೆ ಹೋದೆ. ದನಿ ದಪ್ಪಗಾಗಿದೆ, ಎತ್ತರಕ್ಕೆ ಏರುವುದಿಲ್ಲ. ಪ್ರಾರ್ಥನೆಯನ್ನು ಈಗ ಬೇರೊಬ್ಬ ಟೀಚರು ಎತ್ತಿಕೊಡುತ್ತಾರೆ. ಸಾಲಿನಲ್ಲಿ ನಿಂತು ಕೇಳುವಾಗ ಇವತ್ತಿಗೂ ಒಳಗೆ ಚುರುಕ್ಕೆನ್ನುತ್ತದೆ. ತರಗತಿಗೆ ಸೊಂಟಕ್ಕೆ ಕಟ್ಟುವ ಸಣ್ಣ ಮೈಕು ತಂದುಕೊಂಡಿದ್ದೇನೆ. ಒಮ್ಮೊಮ್ಮೆ ಪಾಠದ ನಡುವೆ ಅದರ ಚಾರ್ಜು ಮುಗಿದುಹೋಗುತ್ತದೆ. ಆಗ ಹಿಂದೆ ಕೂತ ಮಕ್ಕಳು, ನಾನು ಹೇಳದಿದ್ದರೂ, ಪುಸ್ತಕ ಎತ್ತಿಕೊಂಡು ಮುಂದೆ ಬಂದು ನನ್ನ ಮೇಜಿನ ಸುತ್ತ ನೆಲದ ಮೇಲೆ ಕೂರುತ್ತಾರೆ. ಆ ದಿನ ಪಾಠ ನಿಧಾನವಾಗಿ ಸಾಗುತ್ತದೆ.