ದುರ್ಗದ ಇಳಿಜಾರಿನಲ್ಲಿ ಕೊಬ್ಬರಿ ಎಣ್ಣೆ

ಗುಬ್ಬಿ ಕಡೆಗೆ ಸೈಕಲ್ ತುಳಿಯುವಾಗ ನಾನು ಅರ್ಧ ನಿದ್ದೆಯಲ್ಲೇ ಇರುತ್ತೇನೆ. ಭಾನುವಾರದ ಬೆಳಗಿನ ಜಾವ ಮೈ ಎದ್ದು ರಸ್ತೆಗೆ ಬಂದಿರುತ್ತದೆ, ಮನಸ್ಸು ಮಾತ್ರ ಇನ್ನೂ ಹೊದಿಕೆಯೊಳಗೆ ಮುದುಡಿಕೊಂಡಿರುತ್ತದೆ. ಎರಡೂ ಬದಿಯ ತೆಂಗಿನ ತೋಟಗಳಲ್ಲಿ ಬುಡವೆಲ್ಲ ಮಂಜಿನೊಳಗೆ ಮುಳುಗಿ, ಗರಿಗಳಷ್ಟೇ ಮೇಲೆ ತೇಲುತ್ತವೆ. ಎಲ್ಲೋ ರೈಲು ಹೋದ ಸದ್ದಾಗುತ್ತದೆ, ರೈಲು ಕಾಣುವುದಿಲ್ಲ. ಯಾರದೋ ಕೊಟ್ಟಿಗೆಯಲ್ಲಿ ಕರು ಕೂಗುತ್ತದೆ, ಕರುವೂ ಕಾಣುವುದಿಲ್ಲ. ಗುಬ್ಬಿಯಲ್ಲಿ ಒಂದು ಲೋಟ ಬಿಸಿ ಕಾಫಿ ಗಂಟಲಿಗಿಳಿದ ಮೇಲೇ ನನಗೆ ಪೂರ್ತಿ ಎಚ್ಚರ. ಅಲ್ಲಿಯವರೆಗೆ ಹೇಗೆ ಬಂದೆ ಎಂದು ಯಾರಾದರೂ ಕೇಳಿದರೆ ತಬ್ಬಿಬ್ಬಾಗುತ್ತೇನೆ.

ಕುಣಿಗಲ್ ದಾರಿ ಹಾಗಲ್ಲ, ಅದು ನಿದ್ದೆ ಮಾಡಲು ಬಿಡುವುದಿಲ್ಲ. ಹೆಬ್ಬೂರು ದಾಟುವಷ್ಟರಲ್ಲಿ ತೊಡೆಗಳು ಮಾತಾಡಲು ಶುರು ಮಾಡಿರುತ್ತವೆ. ಆದರೆ ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲೆ ಸೈಕಲ್ ಒರಗಿಸಿ ನಿಂತರೆ ಮತ್ತೆ ಅದೇ ಮಂಪರು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತು ಎಂದು ನೋಡುತ್ತಾ ನಿಲ್ಲುತ್ತೇನೆ. ಯಾವ ತೀರ್ಮಾನಕ್ಕೂ ಬರದೆ ವಾಪಸಾಗುತ್ತೇನೆ.

ನನಗೆ ನಲವತ್ತು ದಾಟಿದೆ. ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಮದುವೆಯಾಗಿಲ್ಲ. ಆ ವಿಷಯದಲ್ಲಿ ನೆಂಟರಿಷ್ಟರು ಕೈಚೆಲ್ಲಿ ಸುಮಾರು ದಿನವಾಯಿತು, ನನಗೂ ನೆಮ್ಮದಿ. ತುಮಕೂರಿನ ನಮ್ಮ ಸಣ್ಣ ಮನೆಯಲ್ಲಿ ಅಪ್ಪ, ಅಮ್ಮ, ಮಗಳು ನಾನು. ಅಪ್ಪ ಬಸ್ ಡ್ರೈವರ್ ಆಗಿದ್ದು ನಿವೃತ್ತನಾದವನು. ಅವನು ವರ್ಷಗಟ್ಟಲೆ ಬಸ್ ಓಡಿಸಿದ್ದು ಇದೇ ಗುಬ್ಬಿ, ಇದೇ ಕುಣಿಗಲ್ ರಸ್ತೆಗಳಲ್ಲಿ. ಏರು ಬಂದಾಗೆಲ್ಲ ನನಗೆ ಅವನ ನೆನಪಾಗುತ್ತದೆ. ಇಲ್ಲಿ ಅವನು ಗೇರ್ ಇಳಿಸುತ್ತಿದ್ದನೇನೋ ಎಂದುಕೊಂಡು ನಾನೂ ಇಳಿಸುತ್ತೇನೆ. ಆದರೆ ಇದನ್ನೆಲ್ಲ ಅವನ ಹತ್ತಿರ ಮಾತಾಡಿದ್ದಿಲ್ಲ, ಯಾಕೆಂದರೆ ಅಪ್ಪನಿಗೆ ನನ್ನ ಸೈಕಲ್ ಕಂಡರೆ ಆಗುತ್ತಿರಲಿಲ್ಲ. ಸ್ಕೂಟರ್ ಕೊಳ್ಳುವ ಯೋಗ್ಯತೆ ಇದ್ದೂ ಸೈಕಲ್ ತುಳಿಯುವುದು ಅವನ ಲೆಕ್ಕದಲ್ಲಿ ಶುದ್ಧ ತಿಕ್ಕಲುತನ.

ಅದರ ಮೇಲೆ ಶಿರಾ ಗೇಟಿನ ಹತ್ತಿರ ಬಿದ್ದು ಭುಜದ ಮೂಳೆ ಮುರಿದುಕೊಂಡೆ. ನಿಂತ ಆಟೋ ತಟ್ಟನೆ ಅಡ್ಡ ತಿರುಗಿತ್ತು, ಅಷ್ಟೇ. ಆಸ್ಪತ್ರೆಗೆ ಬಂದ ಅಪ್ಪ ಬೈಯಲಿಲ್ಲ. ಮಂಚದ ಪಕ್ಕ ನಿಂತು, "ಮಾರ್ಬುಡು ಅದನ್ನ," ಎಂದ. ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಬೈದಿದ್ದರೆ ಎದುರು ಜವಾಬು ಕೊಡುತ್ತಿದ್ದೆ. ನಾನು ಮಾರಲಿಲ್ಲ, ಆದರೆ ತುಳಿಯಲೂ ಇಲ್ಲ. ಮೂಳೆ ಕೂಡಿಕೊಂಡ ಮೇಲೂ ಸೈಕಲ್ ಮೆಟ್ಟಿಲ ಕೆಳಗೆ ಹಳೇ ಸೀರೆ ಹೊದ್ದು ನಿಂತಿತ್ತು. ಅಪ್ಪ ಬೇಡ ಅಂದಮೇಲೂ ಹೋಗುವಷ್ಟು ಧೈರ್ಯ ನನಗಿತ್ತು. ಅಪ್ಪ ಮನೆಯಲ್ಲಿ ಕೂತು ಒದ್ದಾಡುತ್ತಿರುವಾಗ ಹೋಗುವ ಮನಸ್ಸು ಬರಲಿಲ್ಲ. ಭಾನುವಾರಗಳಲ್ಲಿ ಸುಮ್ಮನೆ ಬೇಗ ಎಚ್ಚರವಾಗುತ್ತಿತ್ತು, ಹಾಸಿಗೆಯಲ್ಲೇ ಮಲಗಿ ಗುಬ್ಬಿಗೆ ಹೋಗಿಬರುತ್ತಿದ್ದೆ. ಆ ತಿಂಗಳುಗಳಲ್ಲಿ ನಾನು ಒಳಗೊಳಗೇ ಒಣಗಿಹೋಗಿದ್ದೆ.

ಆಯುಧಪೂಜೆ ಬಂತು. ಕಾರ್ಖಾನೆಯಲ್ಲಿ ಮೆಷೀನುಗಳಿಗೆಲ್ಲ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಪುರಿ ಕಡ್ಲೆ ಹಂಚಿದರು. ನನ್ನ ಪಾಲಿನ ಪುರಿ ಪೊಟ್ಟಣ ಹಿಡಿದು ಸಂಜೆ ಮನೆಗೆ ಬಂದರೆ, ಗೇಟಿನ ಮುಂದೆ ಅಪ್ಪನ ಸ್ಕೂಟರಿನ ಪಕ್ಕದಲ್ಲಿ ನನ್ನ ಸೈಕಲ್ ನಿಂತಿತ್ತು. ಚಕ್ರದ ಕಡ್ಡಿ ಕಡ್ಡಿಯನ್ನೂ ಬಿಡದೆ ಅಪ್ಪ ತೊಳೆದಿದ್ದ. ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ, ಎರಡೂ ಚಕ್ರದಡಿ ನಿಂಬೆಹಣ್ಣು. ಅಪ್ಪ ಒದ್ದೆ ಪಂಚೆ ಎತ್ತಿಕಟ್ಟಿ ಮಂಗಳಾರತಿ ತಟ್ಟೆ ಹಿಡಿದು ನನಗಾಗಿಯೇ ಕಾಯುತ್ತಿದ್ದ.

"ಯಾಕಿಷ್ಟೊತ್ತು? ಬಾ, ಹತ್ಕೊಂಡು ನಿಂಬೆಹಣ್ಣು ತುಳ್ಸು," ಎಂದ.

ಪುರಿ ಪೊಟ್ಟಣ ಜಗಲಿಯ ಮೇಲಿಟ್ಟು ಹತ್ತಿದೆ. ಚಕ್ರ ಉರುಳಿ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಬೀದಿಯ ತುದಿವರೆಗೆ ಹೋಗಿ ತಿರುಗಿ ಬಂದೆ. ಅಪ್ಪನ ಒಪ್ಪಿಗೆ ಹೀಗೇ ಬರುವುದು, ಬಿಡಿಸಿ ಕೇಳಿದರೆ ಹಿಂದಕ್ಕೆ ಹೋಗಿಬಿಡುತ್ತದೆ. ಆ ರಾತ್ರಿ ಅನ್ನ ಸೇರದಷ್ಟು ಖುಷಿಯಾಗಿತ್ತು ನನಗೆ.

ಇಲ್ಲೊಂದು ವಿಷಯ ಹೇಳಬೇಕು. ನನ್ನ ಸೈಕಲ್ಲಿಗೆ ಡಿಸ್ಕ್ ಬ್ರೇಕು. ಚಕ್ರದ ನಡುವೆ ತಟ್ಟೆಯಂಥ ಒಂದು ಉಕ್ಕಿನ ಬಿಲ್ಲೆ ಇರುತ್ತದೆ. ಬ್ರೇಕ್ ಹಿಡಿದರೆ ಎರಡು ಪುಟ್ಟ ಪ್ಯಾಡುಗಳು ಆ ಬಿಲ್ಲೆಯನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತವೆ. ಅಪ್ಪನ ಬಸ್ಸಿನ ಬ್ರೇಕು ಚಕ್ರದೊಳಗೆ ಮುಚ್ಚಿಕೊಂಡಿರುತ್ತಿತ್ತು, ಪೂಜೆಯ ದಿನ ಅದರ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಬಸ್ಸಿನ ಹಣೆ ಅಗಲವಾಗಿತ್ತು. ಒಣ ವಿಭೂತಿ ಗಾಳಿಗೆ ನಿಲ್ಲುವುದಿಲ್ಲವೆಂದು ಡ್ರೈವರುಗಳು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮೂರು ಬೆರಳಲ್ಲಿ ಪಟ್ಟೆ ಎಳೆಯುತ್ತಿದ್ದರಂತೆ, ನಡುವೆ ಕುಂಕುಮ. ನನ್ನ ಸೈಕಲ್ಲಿನದು ಬೆರಳುಗಾತ್ರದ ಕೊಳವೆಗಳ ಮೈ, ಅದರಲ್ಲಿ ಹಣೆ ಎಲ್ಲಿಂದ ಬರಬೇಕು? ಹುಡುಕಿ ಹುಡುಕಿ ಅಪ್ಪ ಇದ್ದುದರಲ್ಲಿ ಥಳಥಳ ಹೊಳೆಯುವ, ದುಂಡಗಿನ ಜಾಗ ಕಂಡುಕೊಂಡಿದ್ದ. ಹಿಂದೆ ಮುಂದೆ ಎರಡೂ ಬಿಲ್ಲೆಗಳಿಗೆ ಚೆನ್ನಾಗಿ ಎಣ್ಣೆ ಬೆರೆಸಿದ ವಿಭೂತಿ, ಕುಂಕುಮ. ಬೀದಿದೀಪದಲ್ಲಿ ನಾನೂ ಅದನ್ನು ನೋಡಿದೆ. ಎಷ್ಟು ಲಕ್ಷಣವಾಗಿದೆ ಎಂದುಕೊಂಡೆನೇ ಹೊರತು ಬೇರೇನೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ದೇವರಾಯನದುರ್ಗಕ್ಕೆ ಹೊರಟೆ. ಊರೊಳಗೆ ಒಂದು ಕಡೆ ಬ್ರೇಕ್ ಹಿಡಿದಾಗ ಕಿರ್ರೆಂದಿತು. ತಿಂಗಳುಗಟ್ಟಲೆ ನಿಂತಿದ್ದಕ್ಕೆ ಮುನಿಸಿಕೊಂಡಿದೆ ಎಂದುಕೊಂಡೆ. ಆಮೇಲೆ ರಸ್ತೆ ಖಾಲಿ. ಕಾಡು ಶುರುವಾದ ಮೇಲೆ ಮಂಜೂ ಶುರುವಾಯಿತು. ಬೆಟ್ಟ ಹತ್ತುವವರಿಗೆ ಬ್ರೇಕಿನ ಯೋಚನೆ ಇರುವುದಿಲ್ಲ. ಒಂದೊಂದು ತಿರುವೂ ಮಂಜಿನಿಂದ ನಿಧಾನ ಹೊರಬಂದು, ನನ್ನನ್ನು ದಾಟಿಸಿ, ಮತ್ತೆ ಮಂಜಿನೊಳಕ್ಕೆ ಹೋಗುತ್ತಿತ್ತು. ಭುಜ ನೋಯಲಿಲ್ಲ. ಉಸಿರು ಉಬ್ಬಸವಾಗಿ, ಆಮೇಲೆ ಹದಕ್ಕೆ ಬಂದು, ಕೊನೆಗೆ ನಾನು ತುಳಿಯುತ್ತಿದ್ದೇನೋ ಬೆಟ್ಟವೇ ಕೆಳಗೆ ಜಾರುತ್ತಿದೆಯೋ ತಿಳಿಯದ ಸ್ಥಿತಿ. ಮೇಲೆ ತಲುಪಿದಾಗ ಕಣ್ಣಲ್ಲಿ ನೀರಿತ್ತು. ಗಾಳಿಗೆ ಬಂದದ್ದಲ್ಲ, ಅಳುತ್ತಿದ್ದೆ.

ಇಳಿಯುವಾಗ ಮೊದಲ ತಿರುವಿನಲ್ಲಿ ಎರಡೂ ಬ್ರೇಕ್ ಹಿಡಿದೆ. ಸೈಕಲ್ ಗೂಳಿಯ ಹಾಗೆ ಕೂಗಿತು, ನಿಲ್ಲಲಿಲ್ಲ. ಇನ್ನೂ ಬಿಗಿ ಹಿಡಿದೆ, ಬೆರಳು ಹ್ಯಾಂಡಲ್ಲಿಗೆ ತಾಗಿತು. ವೇಗ ಏರುತ್ತಲೇ ಹೋಯಿತು. ಕಟ್ಟೆಯ ಮೇಲಿದ್ದ ಕೋತಿಗಳು ಒಟ್ಟಿಗೆ ಕತ್ತು ತಿರುಗಿಸಿ ನೋಡಿದವು. ಅಷ್ಟು ಅವಸರದಲ್ಲೂ ಎಲ್ಲ ನಿಧಾನವಾಗಿ ನಡೆಯುತ್ತಿರುವಂತೆ ಕಂಡಿತು: ಎದುರಿಗೆ ಬಿಳಿ ಮಂಜು, ಅದರಾಚೆ ಏನೂ ಇಲ್ಲ. ಬಲಕ್ಕೆ ಕಣಿವೆ, ಎಡಕ್ಕೆ ಬೆಟ್ಟದ ಬದಿ, ಬುಡದಲ್ಲಿ ಮಳೆನೀರು ತಂದು ಸುರಿದ ಮರಳು. ಸೈಕಲ್ಲನ್ನು ಮರಳಿಗೆ ತಿರುಗಿಸಿದೆ. ಚಕ್ರ ಹೂತುಹೋಯಿತು, ನಾನು ಲಂಟಾನ ಪೊದೆಯೊಳಗೆ ಹೋಗಿ ಬಿದ್ದೆ.

ಕೈಕಾಲು ತರಚಿತ್ತು, ಮೂಳೆಗಳೆಲ್ಲ ಇದ್ದ ಜಾಗದಲ್ಲೇ ಇದ್ದವು. ಪೊದೆಯಲ್ಲಿ ಬಿದ್ದುಕೊಂಡಿದ್ದಾಗ ಒಂದು ವಾಸನೆ ಬಂತು. ಕಾದ ಕೊಬ್ಬರಿ ಎಣ್ಣೆಯ ವಾಸನೆ. ಬೆಟ್ಟದ ನಡುವೆ, ಮಂಜಿನಲ್ಲಿ, ಯಾರು ಎಣ್ಣೆ ಕಾಯಿಸುತ್ತಿದ್ದಾರೆ ಎಂದು ನಿಜವಾಗಿಯೂ ಸುತ್ತ ನೋಡಿದೆ. ಆಮೇಲೆ ಬಿಸಿಯಾದ ಬಿಲ್ಲೆಯ ಮೇಲೆ ಕಪ್ಪಗಾದ ವಿಭೂತಿಯ ಗುರುತು ಕಂಡಿತು. ಆ ಬಿಲ್ಲೆಗೆ ಜಿಡ್ಡು ತಾಗಬಾರದು, ತಾಗಿದರೆ ಪ್ಯಾಡು ಕಚ್ಚದೆ ಜಾರುತ್ತದೆ ಎಂದು ಅಂಗಡಿಯವನು ಕೊಳ್ಳುವಾಗಲೇ ಹೇಳಿದ್ದ.

ಅಪ್ಪನಿಗೆ ಹೇಳಬಾರದು ಎಂದು ಅಲ್ಲೇ ತೀರ್ಮಾನಿಸಿದೆ. ಗೊತ್ತಾದರೆ ಸೈಕಲ್ ಮತ್ತೆ ಮೆಟ್ಟಿಲ ಕೆಳಗೆ ಹೋಗುತ್ತದೆ, ಈ ಸಲ ಹೋದರೆ ಹೊರಗೆ ಬರುವುದಿಲ್ಲ. ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಇಷ್ಟು ವರ್ಷ ಊರಿನ ಜನರನ್ನೆಲ್ಲ ಸುರಕ್ಷಿತವಾಗಿ ಇಳಿಸಿದವನಿಗೆ, ಮಗಳ ಬ್ರೇಕ್ ಕೆಡಿಸಿದ್ದು ತನ್ನದೇ ಕೈ ಎಂದು ತಿಳಿದರೆ ಅವನು ಆ ಕೈಯನ್ನು ಎಲ್ಲಿಟ್ಟುಕೊಳ್ಳಬೇಕು? ಬೆಟ್ಟವನ್ನು ನಡೆದೇ ಇಳಿದೆ. ದಾರಿಯುದ್ದಕ್ಕೂ ಸುಳ್ಳನ್ನು ಬಾಯಿಪಾಠ ಮಾಡಿದೆ: ಪ್ಯಾಡ್ ಸವೆದಿದೆ, ಹಳೇದಾಗಿತ್ತು.

ಆ ಸುಳ್ಳು ಕೆಲಸಕ್ಕೆ ಬರಲಿಲ್ಲ. ಗೇಟು ತೆಗೆದ ಅಪ್ಪ, ಸೈಕಲ್ಲನ್ನು ತಾನೇ ಒಳಗೆ ತರುತ್ತೇನೆಂದು ಕೈಗೆ ತೆಗೆದುಕೊಂಡ. ಗೇಟಿನ ಇಳಿಜಾರಿನಲ್ಲಿ ಅಭ್ಯಾಸಬಲದಿಂದ ಬ್ರೇಕ್ ಹಿಡಿದ. ಅದು ಕೂಗಿತು. ಅಪ್ಪ ನಿಂತ, ಬಗ್ಗಿ ಬಿಲ್ಲೆಯ ಮೇಲೆ ಬೆರಳಾಡಿಸಿದ, ಬೆರಳನ್ನು ಮೂಗಿನ ಹತ್ತಿರ ಹಿಡಿದ.

"ಎಲ್ಲಿ ಗೊತ್ತಾಯ್ತು?" ಎಂದ.

"ಪ್ಯಾಡ್ ಸವೆದಿದೆ ಅಪ್ಪ, ಅದು…"

"ಎಲ್ಲಿ ಗೊತ್ತಾಯ್ತು ಅಂದೆ."

"ಬೆಟ್ಟದ ಮೇಲೆ."

"ಇಳಿಯೋವಾಗ್ಲಾ?"

ನಾನು ತಲೆಯಾಡಿಸಿದೆ. ಅಪ್ಪ ನನ್ನ ತರಚಿದ ಕೈ ನೋಡಿದ, ಜಗಲಿಯ ಮೇಲೆ ಕೂತ. ಅಮ್ಮ ಊಟಕ್ಕೆ ಕರೆದರೆ ಏಳಲಿಲ್ಲ. ಸೈಕಲ್ ಮಾರು ಎಂದು ಅವನು ಹೇಳುವುದನ್ನು ನಾನು ದಿನವಿಡೀ ಕಾದೆ. ಹೇಳಲಿಲ್ಲ. ಆ ವಾರ ಅಂಗಡಿಯವನು ಪ್ಯಾಡ್ ಬದಲಿಸಿ, ಬಿಲ್ಲೆಗಳನ್ನು ಸ್ಪಿರಿಟ್‌ನಲ್ಲಿ ಒರೆಸುವಾಗ ಅಪ್ಪ ಪಕ್ಕದ ಸ್ಟೂಲಿನಲ್ಲಿ ಕೂತು ನೋಡಿದ.

ಭಾನುವಾರ ನಾನು ಎದ್ದಾಗ ಅಪ್ಪ ಆಗಲೇ ಸೈಕಲ್ಲನ್ನು ಬೀದಿಗೆ ತಂದಿದ್ದ. ಎಪ್ಪತ್ತು ದಾಟಿದವನು ಪಂಚೆ ಮೇಲಕ್ಕೆ ಕಟ್ಟಿ, ನನ್ನ ಸೀಟಿನ ಮೇಲೆ ಕಷ್ಟಪಟ್ಟು ಕೂತಿದ್ದ.

"ಹಿಂದ್ಗಡೆಯಿಂದ ತಳ್ಳು," ಎಂದ.

"ಅಪ್ಪ, ಬೀಳ್ತೀಯ."

"ತಳ್ಳು ಅಂದ್ನಲ್ಲ. ಜೋರಾಗಿ."

ತಳ್ಳಿದೆ. ಬೀದಿಯ ಇಳಿಜಾರಿನಲ್ಲಿ ಅವನು ವಾಲಾಡಿಕೊಂಡು ಹೋಗಿ ಬ್ರೇಕ್ ಹಿಡಿದ. ಸೈಕಲ್ ಸದ್ದಿಲ್ಲದೆ ಗಕ್ಕನೆ ನಿಂತಿತು. ಹಿಂದಕ್ಕೆ ಉರುಳಿಸಿಕೊಂಡು ಬಂದ. "ಇನ್ನೊಂದ್ಸಲ." ಮತ್ತೆ ತಳ್ಳಿದೆ. ಮುಂದಿನದನ್ನು ಒಂದೇ, ಹಿಂದಿನದನ್ನು ಒಂದೇ, ಎರಡನ್ನೂ ಒಟ್ಟಿಗೆ, ಹೀಗೆ ಅವನಿಗೆ ಸಾಕೆನಿಸುವವರೆಗೆ ತಳ್ಳಿಸಿಕೊಂಡ. ಎದುರುಮನೆಯವರು ರಂಗೋಲಿ ಹಾಕುವುದನ್ನು ಬಿಟ್ಟು ನೋಡುತ್ತಿದ್ದರು. ನನ್ನ ಅಂಗೈ ಕೆಳಗೆ ಅವನ ಬೆನ್ನು ಬೆವೆತಿತ್ತು, ಅವನು ಇಷ್ಟು ಹಗುರವಾಗಿದ್ದಾನೆ ಎಂದು ನನಗೆ ಗೊತ್ತೇ ಇರಲಿಲ್ಲ.

ಇಳಿದ ಮೇಲೂ ಅಪ್ಪ ಬ್ರೇಕಿನಿಂದ ಕೈ ತೆಗೆಯಲಿಲ್ಲ.

"ಬಸ್ಸಲ್ಲಿ ಯಾವತ್ತೂ ಆಗಿರ್ಲಿಲ್ಲ," ಎಂದ. "ಈ ವಾರ ಪೂರ್ತಿ ನಿದ್ದೆ ಇಲ್ಲ. ನಂಗೆ ಭಯ ಆಗ್ತೈತೆ ಕಣಮ್ಮ."

ನಾನು ಅವನ ಮುಖ ನೋಡಲಾರದೆ ಹ್ಯಾಂಡಲ್ ನೋಡಿದೆ. "ಹಂಗಾದ್ರೆ ಇವತ್ತು ಹೋಗಲ್ಲ ಬಿಡಪ್ಪ," ಎಂದೆ. ಮನಸ್ಸಿನಿಂದಲೇ ಹೇಳಿದೆ.

"ಹೋಗು," ಎಂದ. "ನಂಗೆ ಭಯ ಅಂತ ನೀನ್ಯಾಕೆ ಮನೇಲಿ ಕೂತ್ಕೋಬೇಕು?"

ಹಾಗೆಂದನೇ ಹೊರತು ಅವನ ಬೆರಳುಗಳು ಬಿಡಲೇ ಇಲ್ಲ. ನಾನು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡೆ, ಆಮೇಲೆ ಒಂದೊಂದಾಗಿ ಆ ಬೆರಳುಗಳನ್ನು ಬಿಡಿಸಿದೆ.